ಬೆಟ್ಟ ಹತ್ತಿದ ಸೊಳ್ಳೆ

ಮೈಸೂರಿನ ಯಾವ ಬಡಾವಣೆಯಲ್ಲೇ ಆಗಲಿ, ರಾತ್ರಿ ದೀಪ ಆರಿಸಿದ ಮೇಲೆ ಕಿವಿಯ ಬಳಿ ಗುಂಯ್‌ಗುಡುವ ಕಂದು ಸೊಳ್ಳೆಯ ಶಾಸ್ತ್ರೀಯ ಹೆಸರು ಕ್ಯೂಲೆಕ್ಸ್ ಕ್ವಿಂಕಿಫ್ಯಾಸಿಯೇಟಸ್. ಮುಚ್ಚದ ಚರಂಡಿ, ತುಂಬಿ ನಿಂತ ಶೌಚಗುಂಡಿ, ಪಾಳು ಬಾವಿ ಇದರ ತವರು. ಆನೆಕಾಲು ರೋಗವನ್ನು ಹರಡುವುದು ಇದೇ. ಡೆಂಗಿಯ ಸೊಳ್ಳೆ ಬೇರೆ, ಮನುಷ್ಯರ ಮಲೇರಿಯಾದ ಸೊಳ್ಳೆ ಬೇರೆ. ಹಾಗಾಗಿ ಪಾಲಿಕೆಯ ಎಚ್ಚರಿಕೆ ಫಲಕಗಳಲ್ಲಿ ಇದಕ್ಕೆ ಅಷ್ಟೇನೂ ಜಾಗವಿಲ್ಲ. ಬತ್ತಿ ಹಚ್ಚಿ, ಪರದೆ ಇಳಿಬಿಟ್ಟು ನಾವು ಮಲಗುತ್ತೇವೆ.

ಈ ಮಾಮೂಲಿ ಸೊಳ್ಳೆ ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ಒಂದು ಹಕ್ಕಿ ವಂಶವನ್ನೇ ಮುಗಿಸುತ್ತಾ ಬಂದಿದೆ. ಅದರ ಇತ್ತೀಚಿನ ಬಲಿ ಅಕಿಕಿಕಿ. ಕವಾಯಿ ಎಂಬ ಒಂದೇ ದ್ವೀಪದ, ಅದರಲ್ಲೂ ನೆತ್ತಿಯ ಕಾಡಿನ ಹಕ್ಕಿ ಅದು. ಬೆನ್ನು ಬೂದು, ಹೊಟ್ಟೆ ಬಿಳಿ, ಮೋಟು ಬಾಲ, ಗುಬ್ಬಿಗಿಂತ ಚಿಕ್ಕ ಮೈ. ಮರದ ಕಾಂಡ, ಕೊಂಬೆಗಳ ಮೇಲೆ ಹರಿದಾಡುತ್ತಾ ತೊಗಟೆ, ಪಾಚಿಯ ಸಂದಿಯಿಂದ ಹುಳು ಹೆಕ್ಕಿ ತಿನ್ನುವುದು ಅದರ ಕಸುಬು. 2012ರ ಅಂದಾಜಿನಲ್ಲಿ ಕಾಡಿನಲ್ಲಿದ್ದವು 468. 2021ರ ಹೊತ್ತಿಗೆ 45. 2023ರಲ್ಲಿ ಐದು. ಈಗ ಕಾಡಿನ ಮಟ್ಟಿಗೆ ಅಕಿಕಿಕಿಯ ಸಂಸಾರ ಮುಗಿದಂತೆಯೇ ಎಂದು ಅದರ ಬೆನ್ನು ಹತ್ತಿದ ತಜ್ಞರೇ ಹೇಳುತ್ತಿದ್ದಾರೆ.

ಅದರ ಕಾಡನ್ನು ಯಾರೂ ಕಡಿದಿಲ್ಲ ಎಂಬುದು ಈ ಪ್ರಕರಣದ ವಿಚಿತ್ರ. ಹಕ್ಕಿ ಅಳಿಯಿತು ಎಂದ ಕೂಡಲೇ ನಮ್ಮ ಮನಸ್ಸು ಗರಗಸ, ಕಾಫಿ ತೋಟ, ರೆಸಾರ್ಟ್, ಗಣಿ ಎಂದು ಆರೋಪಿಗಳ ಪಟ್ಟಿ ಹಿಡಿದು ಹೊರಡುತ್ತದೆ. ಕವಾಯಿಯ ತಪ್ಪಲಿನಲ್ಲಿ ಕಬ್ಬಿನ ತೋಟಗಳು ಕಾಡು ನುಂಗಿದ್ದು ನಿಜ. ಆದರೆ ಅಲಕಾಯಿ ಎಂಬ ಮೇಲಿನ ಪ್ರಸ್ಥಭೂಮಿ ಸರ್ಕಾರದ ರಕ್ಷಣೆಯಲ್ಲಿದೆ. ಓಹಿಯಾ ಮರಗಳು ನಿಂತಿವೆ, ಮಂಜು ಇಳಿಯುತ್ತದೆ, ಪಕ್ಕದ ವಾಯಲಿಯಾಲಿ ಶಿಖರಕ್ಕೆ ವರ್ಷಕ್ಕೆ ಸುಮಾರು 10,000 ಮಿಲಿಮೀಟರ್ ಮಳೆ ಬೀಳುತ್ತದೆ. ಮೈಸೂರಿಗೆ ಬೀಳುವುದು 800ರ ಆಸುಪಾಸು. ಬೇಲಿ ಹಾಕಿ, ಕಾವಲಿಟ್ಟು, ಕಾನೂನು ಮಾಡಿ ಉಳಿಸಿದ ಕಾಡಿನೊಳಗೇ ಹಕ್ಕಿ ಸತ್ತಿತು. ನಮ್ಮ ಕಡೆಯ ವನ್ಯಜೀವಿ ಚಿಂತನೆ ಬಹುಪಾಲು ಗಡಿ ಗುರುತಿಸುವ ಚಿಂತನೆ. 1940ರಲ್ಲಿ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿದ್ದು ಆ ಚಿಂತನೆಯ ಅತ್ಯುತ್ತಮ ಫಲ. ಗಡಿಯನ್ನು ಲೆಕ್ಕಕ್ಕೇ ಇಡದ ಶತ್ರು ಬಂದಾಗ ಏನು ಮಾಡಬೇಕು ಎಂಬುದಕ್ಕೆ ಆ ಚಿಂತನೆಯಲ್ಲಿ ಉತ್ತರವಿಲ್ಲ. ಅಕಿಕಿಕಿಯ ವಿಷಯ ಕಾವೇರಿ ದಡದವರಿಗೆ ಯಾಕೆ ಬೇಕು ಎಂದರೆ ಇದಕ್ಕೇ.

ಹವಾಯಿಯಲ್ಲಿ ಸೊಳ್ಳೆ ಎಂಬ ಜೀವಿಯೇ ಮೂಲತಃ ಇರಲಿಲ್ಲ. 1826ರಲ್ಲಿ ವೆಲಿಂಗ್ಟನ್ ಎಂಬ ಹಡಗು ಮಾವಿ ದ್ವೀಪದ ಲಹೈನಾ ಬಂದರಿಗೆ ಬಂತು. ಅದರ ಕುಡಿಯುವ ನೀರಿನ ಪೀಪಾಯಿಗಳ ತಳದಲ್ಲಿ ಉಳಿದ ನೀರನ್ನು ಹೊಳೆಗೆ ಚೆಲ್ಲಿದಾಗ ಕ್ಯೂಲೆಕ್ಸ್‌ನ ಮರಿಹುಳುಗಳು ಅಲ್ಲಿ ಇಳಿದವು ಎಂಬುದು ಪ್ರಚಲಿತ ವಿವರಣೆ. ಸೊಳ್ಳೆ ಬಂದರೂ ರೋಗ ಬಂದಿರಲಿಲ್ಲ. ಹಕ್ಕಿಗಳ ಮಲೇರಿಯಾ ತರುವ ಪ್ಲಾಸ್ಮೋಡಿಯಂ ರೆಲಿಕ್ಟಂ ಎಂಬ ಪರಾವಲಂಬಿ ಬಹುಶಃ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಹೊರಗಿನಿಂದ ತಂದು ಬಿಟ್ಟ ಚೆಂದದ ಹಕ್ಕಿಗಳ ರಕ್ತದಲ್ಲಿ ಬಂತು. ಸೊಳ್ಳೆ ಮೊದಲು, ರೋಗಾಣು ನಂತರ. ಎರಡೂ ಮನುಷ್ಯನೇ ತಂದವು.

ಈ ರೋಗಾಣುವಿಗೂ ನಮ್ಮ ದೇಶಕ್ಕೂ ಹಳೆಯ ನಂಟು. ಸೊಳ್ಳೆ ಮಲೇರಿಯಾ ಹರಡುತ್ತದೆ ಎಂಬುದನ್ನು ಆರಂಭದಿಂದ ಕೊನೆಯವರೆಗೆ ಸಾಬೀತು ಮಾಡಿದ ರೊನಾಲ್ಡ್ ರಾಸ್ ಅದನ್ನು ಪೂರ್ತಿ ಮಾಡಿದ್ದು ಹಕ್ಕಿಗಳ ಮೇಲೆ. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡ ಅವರು, ಮರುವರ್ಷ ಕಲ್ಕತ್ತೆಯಲ್ಲಿ ಗುಬ್ಬಿಯಂಥ ಹಕ್ಕಿಗಳನ್ನು ಇಟ್ಟುಕೊಂಡು ರೋಗ ಹಕ್ಕಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಹಕ್ಕಿಗೆ ದಾಟುವ ಇಡೀ ಚಕ್ರವನ್ನು ತೋರಿಸಿದರು. ಅದಕ್ಕೆ 1902ರ ನೊಬೆಲ್ ಬಂತು. ಇದಕ್ಕೆಲ್ಲ ಮುಂಚೆ, 1883ರಲ್ಲಿ, ಬೆಂಗಳೂರಿನ ದಂಡಿನ ವೈದ್ಯರಾಗಿದ್ದಾಗಲೇ ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಅವರು ಗಮನಿಸಿದ್ದರು. ನೂರ ನಲವತ್ತು ವರ್ಷಗಳ ಬಳಿಕವೂ ನಮ್ಮ ಆರೋಗ್ಯ ಇಲಾಖೆ ಮನೆಮನೆಗೆ ಬಂದು ಹೇಳುವುದು ಅದನ್ನೇ.

ಹಾಗಾದರೆ ಕಲ್ಕತ್ತೆಯ ಗುಬ್ಬಿಗಳೆಲ್ಲ ಸತ್ತು ಹೋಗಬೇಕಿತ್ತಲ್ಲ? ಹೋಗಲಿಲ್ಲ. ಭೂಖಂಡದ ಹಕ್ಕಿಗಳು ಈ ಪರಾವಲಂಬಿಯೊಡನೆ ಲಕ್ಷಾಂತರ ವರ್ಷ ಬಾಳಿವೆ. ಸೋಂಕು ತಗಲುತ್ತದೆ, ಕೆಲವು ದಿನ ಮಂಕು ಹಿಡಿಯುತ್ತದೆ, ರಕ್ತದಲ್ಲಿ ಒಂದಿಷ್ಟು ರೋಗಾಣು ಉಳಿದುಕೊಳ್ಳುತ್ತದೆ, ಹಕ್ಕಿ ಬದುಕುತ್ತದೆ. ಮಂಡ್ಯದವರಿಗೆ ಇದಕ್ಕೆ ಹತ್ತಿರದ ಉದಾಹರಣೆ ಮೆದುಳು ಜ್ವರ. ಭತ್ತದ ಗದ್ದೆಯಲ್ಲಿ ಹುಟ್ಟುವ, ಕ್ಯೂಲೆಕ್ಸ್ ಕುಲದ್ದೇ ಆದ ಬೇರೆ ಜಾತಿಯ ಸೊಳ್ಳೆಗಳು ಆ ವೈರಸ್ಸನ್ನು ಬೆಳ್ಳಕ್ಕಿಯಂಥ ನೀರುಹಕ್ಕಿಗಳಿಂದ, ಹಂದಿಗಳಿಂದ ಮಕ್ಕಳಿಗೆ ದಾಟಿಸುತ್ತವೆ. ಮಗುವಿನ ಪ್ರಾಣಕ್ಕೆ ಬರುವ ಆ ವೈರಸ್ಸು ಬೆಳ್ಳಕ್ಕಿಗೆ ಏನನ್ನೂ ಮಾಡುವುದಿಲ್ಲ. ಹಳೆಯ ಪರಿಚಯದ ಫಲ ಅದು.

ಹವಾಯಿಯ ಹಕ್ಕಿಗಳಿಗೆ ಆ ಪರಿಚಯವೇ ಇಲ್ಲ. ಅಕಿಕಿಕಿ ಸೇರಿರುವ ಬಳಗ ಐದಾರು ದಶಲಕ್ಷ ವರ್ಷಗಳ ಹಿಂದೆ ಏಷ್ಯಾದ ಕಡೆಯಿಂದ ಹಾರಿ ಬಂದ ಗುಲಾಬಿ ಬಣ್ಣದ ಕಾಳುಹಕ್ಕಿಗಳ ಸಂತತಿ. ದ್ವೀಪದಿಂದ ದ್ವೀಪಕ್ಕೆ ಹರಡಿ ಐವತ್ತಕ್ಕೂ ಹೆಚ್ಚು ಜಾತಿಗಳಾಗಿ ಕವಲೊಡೆದವು. ಒಂದರ ಕೊಕ್ಕು ಕುಡುಗೋಲಿನಂತೆ ಬಾಗಿತು, ಇನ್ನೊಂದರದು ಗಿಳಿಯ ಕೊಕ್ಕಿನಂತಾಯಿತು, ಮತ್ತೊಂದು ಮರದ ಕಾಂಡದ ಮೇಲೆ ಓಡಾಡಲು ಕಲಿಯಿತು. ಇಷ್ಟೂ ಕಾಲ ಸೊಳ್ಳೆಯ ಕಾಟವಿಲ್ಲದೆ ಬೆಳೆದ ಅವುಗಳ ಮೈಗೆ ಮಲೇರಿಯಾ ಎದುರಿಸುವ ಅಗತ್ಯವೇ ಬಿದ್ದಿರಲಿಲ್ಲ. ಅದೇ ಬಳಗದ ಇವಿ ಎಂಬ ಕೆಂಪು ಹಕ್ಕಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, ಸೋಂಕಿದ ಒಂದೇ ಸೊಳ್ಳೆ ಕಚ್ಚಿದವುಗಳಲ್ಲಿ ಸುಮಾರು ಶೇ. 90ರಷ್ಟು ಸತ್ತವು. ಐವತ್ತಕ್ಕೂ ಹೆಚ್ಚಿದ್ದ ಜಾತಿಗಳಲ್ಲಿ ಇಂದು ಉಳಿದಿರುವುದು 17. 2023ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರ ಅಳಿದು ಹೋದವೆಂದು ಅಧಿಕೃತವಾಗಿ ಪಟ್ಟಿಯಿಂದ ತೆಗೆದ 21 ಜೀವಿಗಳಲ್ಲಿ ಎಂಟು ಹವಾಯಿಯ ಕಾಡು ಹಕ್ಕಿಗಳು.

ಸಾಯದೆ ಉಳಿದವು ಹೇಗೆ ಉಳಿದವು? ಚಳಿಯಿಂದ. ಪರಾವಲಂಬಿ ಸೊಳ್ಳೆಯ ಮೈಯೊಳಗೆ ಬೆಳೆದು ಪಕ್ವವಾಗಲು ಬಿಸುಪು ಬೇಕು. 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ಬೆಳವಣಿಗೆ ನಿಂತೇ ಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಒಂದೊಂದು ಡಿಗ್ರಿ ಏರಿದಂತೆ ಬೇಗ ಬೆಳೆಯುತ್ತದೆ. ಹಾಗಾಗಿ ಬೆಟ್ಟದ ಬುಡದ ಹಕ್ಕಿಗಳು ಮೊದಲು ಸತ್ತವು, ಮೇಲಿನ ತಂಪಿನಲ್ಲಿದ್ದವು ಉಳಿದವು. ಮೌನಾ ಕೇಯಾ ಶಿಖರ ಇರುವ ದೊಡ್ಡ ದ್ವೀಪ 4,207 ಮೀಟರ್ ಎತ್ತರ ಏರುತ್ತದೆ. ಅಲ್ಲಿನ ಹಕ್ಕಿಗೆ ಇನ್ನೂ ಮೇಲೆ ಹೋಗಲು ಜಾಗವಿದೆ. ಕವಾಯಿಯ ಅತಿ ಎತ್ತರದ ತುದಿ 1,598 ಮೀಟರ್, ಅಷ್ಟೇ. ಅಲಕಾಯಿ ಪ್ರಸ್ಥಭೂಮಿಯ ಕೆಳಗಿನ ಅಂಚು ನಮ್ಮ ಚಾಮುಂಡಿ ಬೆಟ್ಟದ ನೆತ್ತಿಯ ಮಟ್ಟದಲ್ಲಿದೆ, ಮೇಲಿನ ಅಂಚು ಬಿಳಿಗಿರಿರಂಗನ ಬೆಟ್ಟದ ದೇವಸ್ಥಾನದ ಮಟ್ಟದಲ್ಲಿ. ಇಡೀ ದ್ವೀಪ ಮಂಡ್ಯ ಜಿಲ್ಲೆಯ ಮೂರನೇ ಒಂದು ಭಾಗಕ್ಕಿಂತಲೂ ಚಿಕ್ಕದು. ಹವೆ ಬಿಸಿಯಾದಂತೆ ಸೊಳ್ಳೆಯೂ ರೋಗವೂ ಮೇಲೇರಿದವು. ಹಕ್ಕಿಗೆ ಮೇಲೇರಲು ಬೆಟ್ಟವೇ ಉಳಿಯಲಿಲ್ಲ. ಜೊತೆಗೆ ಊರಿನಿಂದ ತಪ್ಪಿಸಿಕೊಂಡು ಕಾಡು ಸೇರಿದ ಹಂದಿಗಳು ನೆಲ ಕೆದಕಿ, ಮರಜರಿಗಿಡಗಳ ಕಾಂಡ ಅಗೆದು ತಿಂದು ಗುಳಿ ಮಾಡುತ್ತವೆ. ಆ ಗುಳಿಯಲ್ಲಿ ನಿಂತ ನೀರು ಸೊಳ್ಳೆಗೆ ಸಾಕು.

ರೋಗ ಎದುರಿಸಲು ಹಕ್ಕಿಗಳೇ ಕಲಿಯಬಾರದೇ ಎಂದು ಕೇಳಬಹುದು. ಕಲಿತ ಉದಾಹರಣೆ ಇದೆ. ದೊಡ್ಡ ದ್ವೀಪದ ತಗ್ಗಿನಲ್ಲಿ ಅಮಕಿಹಿ ಎಂಬ ಹಕ್ಕಿಗಳು ಮಲೇರಿಯಾ ತಗಲಿಯೂ ಬದುಕುತ್ತಿವೆ, ಮರಿ ಮಾಡುತ್ತಿವೆ. ಆದರೆ ಆ ಮಟ್ಟಕ್ಕೆ ಬರಬೇಕಾದರೆ ಸಾವಿರಾರು ಹಕ್ಕಿಗಳು ಸತ್ತು, ತಾಳಿಕೊಂಡ ಕೆಲವು ಉಳಿದು, ಅವುಗಳಿಂದ ಮತ್ತೆ ಸಾವಿರ ಹುಟ್ಟಬೇಕು. ನಲವತ್ತೈದು ಹಕ್ಕಿಗಳಿಗೆ ಆ ಲೆಕ್ಕ ಹೊಂದುವುದಿಲ್ಲ.

ಉಳಿದ ದಾರಿ ಪಂಜರ. 2015ರಿಂದ ಸಂರಕ್ಷಕರು ಕೆಸರು ಕಾಡಿನೊಳಗೆ ನಲವತ್ತು ಅಡಿಯ ಏಣಿ ಹೊತ್ತೊಯ್ದು, ತುದಿಕೊಂಬೆಯ ಗೂಡುಗಳಿಂದ ಮೊಟ್ಟೆ ಇಳಿಸಿ ತಂದರು. ಕಾವು ಕೊಟ್ಟು, ಮರಿ ಮಾಡಿಸಿ, ಮಾವಿ ಮತ್ತು ದೊಡ್ಡ ದ್ವೀಪದ ಎರಡು ಕೇಂದ್ರಗಳಲ್ಲಿ ಸಾಕಿದರು. ಇಂದು ಜಗತ್ತಿನಲ್ಲಿರುವ ಅಕಿಕಿಕಿಗಳೆಂದರೆ ಹೆಚ್ಚುಕಡಿಮೆ ಆ ಹಕ್ಕಿಗಳು, ಅವುಗಳ ಮಕ್ಕಳು. ಆದರೆ ಪಂಜರವೂ ಭದ್ರವಲ್ಲ. 2023ರ ಆಗಸ್ಟ್‌ನಲ್ಲಿ ಬೆಂಕಿ ಲಹೈನಾ ಪಟ್ಟಣವನ್ನು ಸುಟ್ಟ ದಿನಗಳಲ್ಲೇ ಮಾವಿಯ ಕೇಂದ್ರದ ಬೇಲಿಯವರೆಗೂ ಬೇರೊಂದು ಕಾಡ್ಗಿಚ್ಚು ಬಂದಿತ್ತು. ಅಲ್ಲಿದ್ದವರು ತೋಟದ ಪೈಪು ಹಿಡಿದು ನಂದಿಸಿದರು. ಒಂದು ಜಾತಿಯ ಭವಿಷ್ಯವನ್ನು ಒಂದೆರಡು ಕಟ್ಟಡಗಳಲ್ಲಿ ಇಡುವುದು ಎಂದರೇನೆಂದು ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1892ರಿಂದ ಇರುವ ನಮ್ಮ ಮೃಗಾಲಯ 2017ರ ಜನವರಿಯಲ್ಲಿ ಹಕ್ಕಿಜ್ವರದ ಕಾರಣ ಒಂದು ತಿಂಗಳು ಬಾಗಿಲು ಹಾಕಬೇಕಾಯಿತು. 2020ರ ಮಾರ್ಚ್‌ನಲ್ಲಿ ಕುಂಬಾರಕೊಪ್ಪಲಿನ ಕಡೆ ಮತ್ತೆ ಹಕ್ಕಿಜ್ವರ ಬಂದಾಗ ಸುತ್ತಲಿನ ಕೋಳಿಗಳನ್ನೆಲ್ಲ ಕೊಲ್ಲಲಾಯಿತು.

ಸಾಕಿದ ಹಕ್ಕಿಯನ್ನು ಸೊಳ್ಳೆಯಿರುವ ಕಾಡಿಗೆ ಬಿಟ್ಟರೆ ಏನಾಗುತ್ತದೆ ಎಂಬುದೂ ಗೊತ್ತಾಗಿದೆ. 2019ರಲ್ಲಿ ಮಾವಿ ದ್ವೀಪದಲ್ಲಿ ಕಿವಿಕಿವು ಎಂಬ ಗಿಳಿಮೂತಿಯ ಹಕ್ಕಿಗಳನ್ನು ಹೊಸದಾಗಿ ಬೆಳೆಸಿದ ಕಾಡೊಂದಕ್ಕೆ ಬಿಟ್ಟರು. ವಾರಗಳೊಳಗೆ ಹೆಚ್ಚುಕಡಿಮೆ ಎಲ್ಲವೂ ಮಲೇರಿಯಾದಿಂದ ಸತ್ತವು. ಹೀಗಾಗಿ ಸೊಳ್ಳೆಯನ್ನು ಮೊದಲು ಇಳಿಸಬೇಕು, ಹಕ್ಕಿಯನ್ನು ಆಮೇಲೆ ಬಿಡಬೇಕು ಎಂಬ ತೀರ್ಮಾನಕ್ಕೆ ಅಲ್ಲಿನವರು ಬಂದಿದ್ದಾರೆ.

ಸೊಳ್ಳೆ ಇಳಿಸುವುದು ಹೇಗೆ? ಕಾಡಿಗೆ ಔಷಧ ಹೊಡೆದರೆ ಹಕ್ಕಿ ತಿನ್ನುವ ಹುಳುವೂ ಸಾಯುತ್ತದೆ. ಇಲ್ಲಿ ಬರುತ್ತದೆ ವೊಲ್ಬಾಕಿಯಾ. ಅನೇಕ ಕೀಟಗಳ ಜೀವಕೋಶದೊಳಗೆ ವಾಸಿಸುವ ಈ ಬ್ಯಾಕ್ಟೀರಿಯಾ ಮೊದಲು ಪತ್ತೆಯಾದದ್ದು 1924ರಲ್ಲಿ, ಕ್ಯೂಲೆಕ್ಸ್ ಸೊಳ್ಳೆಯಲ್ಲೇ. ಇದರಲ್ಲಿ ಹಲವು ತಳಿಗಳಿವೆ. ಒಂದು ತಳಿ ಹೊತ್ತ ಗಂಡು, ಅದೇ ತಳಿ ಇಲ್ಲದ ಹೆಣ್ಣನ್ನು ಕೂಡಿದರೆ ಹೆಣ್ಣು ಮೊಟ್ಟೆಯಿಡುತ್ತದೆ, ಆದರೆ ಮೊಟ್ಟೆ ಒಡೆಯುವುದಿಲ್ಲ. ಪ್ರಯೋಗಾಲಯದಲ್ಲಿ ಬೇರೆ ತಳಿಯ ವೊಲ್ಬಾಕಿಯಾ ಸೇರಿಸಿದ ಗಂಡುಗಳನ್ನು ಲಕ್ಷಗಟ್ಟಲೆ ಬೆಳೆಸಿ ಕಾಡಿಗೆ ಬಿಟ್ಟರೆ, ಕಾಡಿನ ಹೆಣ್ಣುಗಳ ಬಹುಪಾಲು ಮೊಟ್ಟೆ ವ್ಯರ್ಥ. ಗಂಡು ಸೊಳ್ಳೆ ಕಚ್ಚುವುದಿಲ್ಲ. ರಕ್ತ ಬೇಕಿರುವುದು ಮೊಟ್ಟೆಯಿಡುವ ಹೆಣ್ಣಿಗೆ ಮಾತ್ರ. 2023ರ ಕೊನೆಯಲ್ಲಿ ಮಾವಿಯ ಕಾಡಿನ ಮೇಲೆ ಹೆಲಿಕಾಪ್ಟರಿನಿಂದ ಇಂಥ ಗಂಡುಗಳನ್ನು ಬಿಡುವ ಕೆಲಸ ಆರಂಭವಾಯಿತು. ಮುಂದೆ ಕವಾಯಿಗೂ ಬಂತು. ಈಗ ಡ್ರೋನ್ ಕೂಡ ಬಳಸುತ್ತಿದ್ದಾರೆ.

ಪತ್ರಿಕೆಗಳಲ್ಲಿ ಇದನ್ನು ಹೊಚ್ಚ ಹೊಸ ತಂತ್ರಜ್ಞಾನವೆಂದು ಬರೆಯುತ್ತಾರೆ. ಅಷ್ಟು ಹೊಸದೇನಲ್ಲ. 1967ರಲ್ಲಿ ಹಾನೆಸ್ ಲಾವೆನ್ ಎಂಬ ಜರ್ಮನ್ ವಿಜ್ಞಾನಿ ಬರ್ಮಾದ ರಂಗೂನ್ ಬಳಿಯ ಓಕ್ಪೋ ಎಂಬ ಹಳ್ಳಿಯಲ್ಲಿ ಇದೇ ಜಾತಿಯ ಸೊಳ್ಳೆಯನ್ನು ಇದೇ ತತ್ವದಿಂದ, ಮೂರು ತಿಂಗಳ ಆಸುಪಾಸಿನಲ್ಲಿ ಇಲ್ಲವಾಗಿಸಿ ತೋರಿಸಿದ್ದರು. ಹೊಂದಾಣಿಕೆ ಕೆಡಿಸುತ್ತಿದ್ದುದು ವೊಲ್ಬಾಕಿಯಾ ಎಂಬುದು ಗೊತ್ತಾದದ್ದು ಅದಾದ ಕೆಲವು ವರ್ಷಗಳ ನಂತರ. ಬರ್ಮಾದಿಂದ ಆ ಕೆಲಸ ನೇರ ದೆಹಲಿಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ, ಅಮೆರಿಕದ ಹಣದಿಂದ, ಸೊಳ್ಳೆಗಳ ಆನುವಂಶಿಕ ನಿಯಂತ್ರಣ ಘಟಕವೊಂದನ್ನು ನಡೆಸಿದವು. ದೆಹಲಿ ಸುತ್ತಲಿನ ಹಳ್ಳಿಗಳಲ್ಲಿ ಕ್ಯೂಲೆಕ್ಸ್ ಗಂಡುಗಳನ್ನು ಬಿಟ್ಟು ನೋಡಿದರು. 1974ರ ಹೊತ್ತಿಗೆ, ಇದು ಜೈವಿಕ ಯುದ್ಧಕ್ಕೆ ಮಾಹಿತಿ ಕಲೆಹಾಕುವ ಹುನ್ನಾರವೆಂಬ ಆರೋಪ ಎದ್ದಿತು. ಸಂಸತ್ತಿನ ಲೆಕ್ಕಪತ್ರ ಸಮಿತಿ ಕಟುವಾಗಿ ಬರೆಯಿತು. 1975ರಲ್ಲಿ ಘಟಕ ಮುಚ್ಚಿತು. ಸಲೀಂ ಅಲಿಯವರ ನೇತೃತ್ವದಲ್ಲಿ ನಡೆದಿದ್ದ ವಲಸೆ ಹಕ್ಕಿಗಳ ಅಧ್ಯಯನವೂ ಅದೇ ಅನುಮಾನದ ಸುಳಿಗೆ ಸಿಕ್ಕಿತು.

ಆ ಅನುಮಾನವನ್ನು ಪೂರಾ ಹುಚ್ಚು ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ವಿಯೆಟ್ನಾಂ ಯುದ್ಧದ ಕಾಲ ಅದು. ಹಣ ಯಾರದು, ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಸಂಸತ್ತಿನ ಕೆಲಸವೇ. ಆದರೆ ಪ್ರಶ್ನೆ ಕೇಳಿ ಉತ್ತರ ಪಡೆದು ಕೆಲಸ ಮುಂದುವರಿಸುವುದು ಒಂದು, ಬೀಗ ಹಾಕುವುದು ಇನ್ನೊಂದು. ಬೀಗ ಹಾಕಿದ ಮೇಲೆ ಈ ವಿಷಯ ದಶಕಗಳ ಕಾಲ ಇಲ್ಲಿ ಮುಟ್ಟಬಾರದ ವಿಷಯವಾಯಿತು. ಹವಾಯಿಯಲ್ಲೂ ಮಾವಿಯ ಯೋಜನೆಗೆ ತಡೆ ಕೋರಿ ಕೆಲವರು ನ್ಯಾಯಾಲಯಕ್ಕೆ ಹೋದರು, ತಡೆ ಸಿಗಲಿಲ್ಲ. ಲಾವೆನ್ ಪ್ರಯೋಗದ ವರ್ಷ ಕವಾಯಿಯ ಕಾಡಿನಲ್ಲಿ ಓಓ ಎಂಬ ಕಪ್ಪು ಹಕ್ಕಿ ಇನ್ನೂ ಹಾಡುತ್ತಿತ್ತು. ಅದನ್ನು ಕೊನೆಯ ಬಾರಿ ಕೇಳಿದ್ದು 1987ರಲ್ಲಿ. ಉಪಾಯ ತಿಳಿದ ಮೇಲೂ ಅದು ಕಾಡು ತಲುಪಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ಮನುಷ್ಯರ ರೋಗಕ್ಕಾಗಿ ಹುಡುಕಿದ ಮದ್ದು ಹಕ್ಕಿಗೆ ಬಳಸಲು ಯಾರಿಗೂ ಅವಸರವಿರಲಿಲ್ಲ ಎಂಬುದೇ ನನಗೆ ತೋರುವ ಮುಖ್ಯ ಕಾರಣ.

ಈ ಉಪಾಯದ ಮಿತಿಗಳೂ ಸಣ್ಣವಲ್ಲ. ಬಿಡುವುದನ್ನು ನಿಲ್ಲಿಸಿದ ದಿನದಿಂದ ತಪ್ಪಲಿನ ಸೊಳ್ಳೆ ಮತ್ತೆ ಮೇಲೇರುತ್ತದೆ. ಅಂದರೆ ವಾರವಾರವೂ, ವರ್ಷಗಟ್ಟಲೆ, ಹಣ ಸುರಿಯುತ್ತಲೇ ಇರಬೇಕು. ಗಂಡು ಹೆಣ್ಣು ಬೇರ್ಪಡಿಸುವಾಗ ಹೆಣ್ಣುಗಳು ನುಸುಳಿದರೆ, ಅದೇ ತಳಿಯ ಹೆಣ್ಣಿಗೂ ಗಂಡಿಗೂ ಹೊಂದಾಣಿಕೆಯಾಗಿ ಹೊಸ ತಳಿಯೇ ನೆಲೆಯೂರಬಹುದು. ಆಗ ಬಿಡುವ ಗಂಡು ನಿಷ್ಪ್ರಯೋಜಕ. ಸಾಗರದ ನಡುವೆ ಒಂಟಿಯಾಗಿರುವ ದ್ವೀಪದಲ್ಲಿ ಇದು ಸಾಧ್ಯವೆನಿಸಿದರೂ, ಹೊರಗಿನಿಂದ ಸೊಳ್ಳೆ ಬರುತ್ತಲೇ ಇರುವ ಮೈಸೂರಿನಂಥ ಬಯಲುಸೀಮೆಯ ಊರಿಗೆ ಹಾಗೆಯೇ ಹೊಂದುವುದಿಲ್ಲ. ಪುದುಚೇರಿಯ ಸಂಶೋಧನಾ ಕೇಂದ್ರ 2022ರಲ್ಲಿ ಪ್ರಕಟಿಸಿದ ವೊಲ್ಬಾಕಿಯಾ ಸೊಳ್ಳೆಯ ಸುದ್ದಿಯನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಅದು ಡೆಂಗಿಯ ಈಡಿಸ್ ಸೊಳ್ಳೆ. ಅಲ್ಲಿನ ಉದ್ದೇಶ ಸೊಳ್ಳೆಯನ್ನು ಇಲ್ಲವಾಗಿಸುವುದಲ್ಲ, ವೈರಸ್ ಬೆಳೆಯಲು ಬಿಡದ ಸೊಳ್ಳೆಯಿಂದ ಊರನ್ನು ತುಂಬಿಸುವುದು.

ನಮ್ಮ ಬೆಟ್ಟಗಳ ವಿಷಯಕ್ಕೆ ಬಂದರೆ, ನೀಲಗಿರಿ, ಬ್ರಹ್ಮಗಿರಿಗಳ ಶೋಲಾ ಕಾಡುಗಳೂ ಒಂದು ಬಗೆಯ ದ್ವೀಪಗಳೇ. ಸುತ್ತ ಬಿಸಿ ತಗ್ಗು, ಮೇಲೆ ತಣ್ಣನೆಯ ತುಣುಕು ಕಾಡು, ಅಲ್ಲಿ ಮಾತ್ರ ಬದುಕುವ ಹಾಡುಹಕ್ಕಿಗಳು. ಪಶ್ಚಿಮಘಟ್ಟದ ಶೋಲಾ ಹಕ್ಕಿಗಳ ರಕ್ತದಲ್ಲೂ ಮಲೇರಿಯಾ ಬಳಗದ ಪರಾವಲಂಬಿಗಳು ದಾಖಲಾಗಿವೆ. ಅವು ಹಳೆಯ ಪರಿಚಯದವು, ಹವಾಯಿಯಂಥ ಸರಣಿ ಸಾವು ಇಲ್ಲಿ ನಡೆಯುತ್ತದೆ ಎಂದು ಹೆದರಿಸುವುದು ಸರಿಯಲ್ಲ. ನಾನು ಕೇಳುವುದು ಚಿಕ್ಕದು. ಹುಲಿ ಎಣಿಸಲು ಕಾಡಿನ ತುಂಬ ಕ್ಯಾಮೆರಾ ಕಟ್ಟುವ ನಾವು ಬಿಳಿಗಿರಿರಂಗನ ಬೆಟ್ಟದ ಮೇಲೆ ಬೇರೆ ಬೇರೆ ಎತ್ತರಗಳಲ್ಲಿ ಒಂದಿಷ್ಟು ಸೊಳ್ಳೆ ಬಲೆಗಳನ್ನೂ ಉಷ್ಣಮಾಪಕಗಳನ್ನೂ ಇಟ್ಟು, ವರ್ಷವರ್ಷದ ಲೆಕ್ಕ ಬರೆದಿಡಲು ಎಷ್ಟು ಖರ್ಚಾದೀತು? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಊರಿನವರು ಹುಣಸೆ ಮರ, ಆಲದ ಮರಗಳನ್ನು ಹಕ್ಕಿಗೆ ಬಿಟ್ಟುಕೊಟ್ಟು ಕಾಪಾಡಿಕೊಂಡು ಬಂದಿದ್ದರು. ಆದರೂ 2017ರ ಕೊನೆಯಿಂದ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಪರೀಕ್ಷೆಯಲ್ಲಿ ಸಿಕ್ಕಿದ್ದು ಹೊಟ್ಟೆಯೊಳಗಿನ ಪರಾವಲಂಬಿ ಹುಳು. ಗೂಡಿನ ಮರಗಳೂ ಊರಿನವರ ಪ್ರೀತಿಯೂ ಇದ್ದಂತೆಯೇ ಇದ್ದವು. ಪಕ್ಷಿಧಾಮಗಳ ವಾರ್ಷಿಕ ಯೋಜನೆಯಲ್ಲಿ ಬೇಲಿ, ದಾರಿ, ವೀಕ್ಷಣಾ ಗೋಪುರಗಳಿಗೆ ಇರುವಂತೆ ಪಶುವೈದ್ಯರಿಗೂ ಪ್ರಯೋಗಾಲಯಕ್ಕೂ ಒಂದು ಕಾಯಂ ಸಾಲು ಬೇಕು ಎಂಬುದನ್ನು ಆ ಸಾವುಗಳೇ ತೋರಿಸಿದ್ದವು.

ಕವಾಯಿಯಲ್ಲಿ ಇನ್ನು ನೋಡಬೇಕಾದದ್ದು ಅಕೆಕೆಎ ಮತ್ತು ಪುವಾಯೊಹಿ ಎಂಬ ಎರಡು ಹಕ್ಕಿಗಳನ್ನು. ಅವೂ ಅದೇ ದ್ವೀಪಕ್ಕೆ ಸೀಮಿತ, ಅದೇ ಪ್ರಸ್ಥಭೂಮಿಯವು. 2021ರ ಅಂದಾಜಿನಲ್ಲಿ ಅಕೆಕೆಎ ಆರುನೂರರ ಆಸುಪಾಸಿನಲ್ಲಿತ್ತು. ಅಕಿಕಿಕಿ 2012ರಲ್ಲಿ ಅದಕ್ಕಿಂತ ಕೊಂಚವೇ ಕೆಳಗಿನ ಮಟ್ಟದಲ್ಲಿತ್ತು. ಗಂಡು ಸೊಳ್ಳೆಗಳ ಕೆಲಸ ಫಲ ಕೊಡುತ್ತಿದೆಯೇ ಎಂಬುದು ಮೊದಲು ಕಾಣುವುದು ಈ ಎರಡರ ಮುಂದಿನ ಎಣಿಕೆಗಳಲ್ಲಿ. ಸಾಕಿದ ಅಕಿಕಿಕಿಗಳನ್ನು ಬೆಟ್ಟಕ್ಕೆ ಮರಳಿಸುವ ಮಾತು ಅದಾದ ನಂತರದ್ದು.